ಕತ್ತರಿಸಿದ ಅಕ್ಷರಗಳು

ಅಕ್ಷರಕ್ಕೂ ವೇಷದ ಹಂಬಲವುಂಟು. ಮದುವೆಯ ಕರೆಯೋಲೆಯಲ್ಲಿ ಬಳ್ಳಿಯಂತೆ ಬಾಗುವ ಅಕ್ಷರವೇ ನಾಟಕದ ಭಿತ್ತಿಪತ್ರದಲ್ಲಿ ಎದೆಯುಬ್ಬಿಸಿ ನಿಲ್ಲುತ್ತದೆ. ಈಚೆಗೆ ನಮ್ಮ ಕಾಲೇಜಿನ ಭಿತ್ತಿಪತ್ರಿಕೆಯ ತರುಣರಿಗೆ ಬೇಕಾಗಿರುವುದು ಇನ್ನೊಂದು ವೇಷ: ಹಳೆಯ ಪತ್ರಿಕೆಗಳಿಂದ ಕತ್ತರಿಸಿ ಓರೆಕೋರೆಯಾಗಿ ಅಂಟಿಸಿದಂತೆ ತೋರುವ ಫಾಂಟು. ಇಂಗ್ಲಿಷಿನಲ್ಲಿ ಇಂಥವು ಬೇಕಾದಷ್ಟಿವೆ. ಕನ್ನಡದಲ್ಲಿ ಒಂದೂ ಕೈಗೆ ಸಿಗದೆ ಅವರು ಶೀರ್ಷಿಕೆಯನ್ನೇ ಇಂಗ್ಲಿಷಿಗೆ ಬದಲಿಸಿದರು. ವಿಷಯ ಚಿಕ್ಕದು, ನಿಜ, ಆದರೆ ವಿಚಾರಿಸತಕ್ಕದ್ದು.

ಕತ್ತರಿಸಿದ ಅಕ್ಷರದ ಪೂರ್ವಚರಿತ್ರೆ ಅಷ್ಟೇನೂ ಸಭ್ಯವಾದುದಲ್ಲ. ತನ್ನ ಕೈಬರಹದ ಗುರುತು ಸಿಗಬಾರದೆಂದು ಅನಾಮಧೇಯ ಪತ್ರ ಬರೆಯುವವನು ಹೂಡಿದ ಉಪಾಯ ಅದು. ಕಾನನ್ ಡಾಯ್ಲ್ 1902ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ‘ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕಾದಂಬರಿಯಲ್ಲಿ ಇಂಥದೊಂದು ಪತ್ರ ಬರುತ್ತದೆ. ಪದಗಳನ್ನೆಲ್ಲ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದೆ. ಒಂದು ಪದ ಮಾತ್ರ ಶಾಯಿಯಲ್ಲಿದೆ. ಅಚ್ಚಿನ ಮೊಳೆಯ ರೂಪವನ್ನು ನೋಡಿಯೇ ಹೋಮ್ಸ್ ಅದು ‘ಟೈಮ್ಸ್’ ಪತ್ರಿಕೆಯದೆಂದು ಹೇಳಿಬಿಡುತ್ತಾನೆ. ಮುಂದೆ 1977ರಲ್ಲಿ ಜೇಮೀ ರೀಡ್ ಎಂಬ ಇಂಗ್ಲಿಷ್ ಕಲಾವಿದ ಸೆಕ್ಸ್ ಪಿಸ್ಟಲ್ಸ್ ತಂಡದ ಧ್ವನಿಮುದ್ರಿಕೆಗಳಿಗೆ ಇದೇ ಬಗೆಯ ಅಕ್ಷರಗಳನ್ನು ಬಳಸಿ, ಬೆದರಿಕೆಯ ಲಿಪಿಯನ್ನು ತಾರುಣ್ಯದ ಪ್ರತಿಭಟನೆಯ ಲಿಪಿಯನ್ನಾಗಿ ಮಾಡಿದ. ಕೈಯನ್ನು ಮರೆಸಲು ಹುಟ್ಟಿದ ಅಕ್ಷರವೇ ಇಂದು, ಯಂತ್ರದ ನುಣುಪಿನಿಂದ ಬೇಸತ್ತವರಿಗೆ, ಕೈಕೆಲಸದ ಗುರುತಾಗಿ ಪರಿಣಮಿಸಿದೆ.

ಆದರೆ ಫಾಂಟು ಈ ಗುರುತನ್ನು ಪೂರ್ತಿಯಾಗಿ ಉಳಿಸಿಕೊಳ್ಳಲಾರದು. ‘ಮಮತೆ’ ಎಂಬ ಪದವನ್ನು ಕತ್ತರಿಯಿಂದ ಮಾಡಿದರೆ ಎರಡು ‘ಮ’ಗಳು ಎರಡು ಬೇರೆ ಪುಟಗಳಿಂದ ಬಂದಿರುತ್ತವೆ. ಫಾಂಟಿನಲ್ಲಾದರೋ ಅದೇ ‘ಮ’, ಅದೇ ಹರಿದ ಅಂಚು, ಅದೇ ಓರೆ. ಒಂದು ಅಕ್ಷರಕ್ಕೆ ಮೂರು ನಾಲ್ಕು ರೂಪಗಳನ್ನಿಟ್ಟು ಸರದಿಯಂತೆ ಬರುವ ಹಾಗೆ ಮಾಡಿದರೆ ಈ ಕೊರತೆ ತಕ್ಕಮಟ್ಟಿಗೆ ನೀಗುತ್ತದೆ.

ಕನ್ನಡದ ತೊಡಕು ಇನ್ನೂ ಆಳವಾದುದು. ಇಂಗ್ಲಿಷಿನಲ್ಲಿ ಅಕ್ಷರಕ್ಕೊಂದು ಚೀಟಿ. ಲೆಕ್ಕ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಚೀಟಿಯ ಅಂಚನ್ನು ಎಲ್ಲಿ ಎಳೆಯಬೇಕು? ‘ಸ್ತ್ರೀ’ ಎಂಬುದನ್ನು ಗಣಕಯಂತ್ರ ಯೂನಿಕೋಡಿನ ಆರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಆದರೆ ನಮ್ಮ ಕಿವಿಗೆ ಅದು ಒಂದೇ ಅಕ್ಷರ. ಛಂದಸ್ಸಿನ ಪ್ರಸ್ತಾರದಲ್ಲಿ ಒಂದೇ ಗುರು. ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸಿ, ಅದರ ಚಿಹ್ನೆಯನ್ನು ಯಕಾರದ ಮುಂದೆ ಬರೆಯುತ್ತೇವೆ. ಆ ಅರ್ಕಾವತ್ತಿಗೆ ಪ್ರತ್ಯೇಕ ಚೀಟಿ ಕೊಟ್ಟು ಓರೆಯಾಗಿ ತಿರುಗಿಸಿದರೆ ಓದುಗನ ಗತಿಯೇನು? ಕತ್ತರಿ ಹಿಡಿದ ಮಗುವಿಗೂ ಇದು ತಿಳಿದಿದೆ. ಒತ್ತನ್ನೂ ದೀರ್ಘವನ್ನೂ ಬಿಟ್ಟು ಅದು ಅಕ್ಷರವನ್ನು ಕತ್ತರಿಸುವುದಿಲ್ಲ. ಆದುದರಿಂದ ಕನ್ನಡದ ಚೀಟಿ ಇಡೀ ಅಕ್ಷರದ ಚೀಟಿಯಾಗಬೇಕು. ಇದು ಸುಲಭದ ಕೆಲಸವಲ್ಲ. ಮೂವತ್ತನಾಲ್ಕು ವ್ಯಂಜನಗಳು ಹದಿಮೂರು ಸ್ವರಗಳೊಡನೆ ಕೂಡಿದರೇ 442 ಗುಣಿತಾಕ್ಷರಗಳಾಗುತ್ತವೆ; ಒತ್ತಕ್ಷರಗಳ ಲೆಕ್ಕ ಬೇರೆ.

ಇಷ್ಟೆಲ್ಲ ಶ್ರಮ ಒಂದು ಆಟಿಕೆಗಾಗಿಯೇ, ಸ್ಪಷ್ಟವಾಗಿ ಓದಬರುವ ಅಕ್ಷರವಿದ್ದರೆ ಸಾಲದೇ ಎಂದು ಹಿರಿಯರು ಕೇಳಬಹುದು. ಗ್ರಂಥದ ಒಡಲಿಗೆ ಅಷ್ಟು ಸಾಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ, ಸರ್ಕಾರಿ ಸುತ್ತೋಲೆ—ಇವುಗಳಲ್ಲಿ ಮಾತ್ರ ಕಾಣಿಸಿಕೊಳ್ಳುವ ಲಿಪಿಯನ್ನು ತರುಣರು ಗೌರವಿಸಿಯಾರು, ಪ್ರೀತಿಸಲಾರರು. ವಿನೋದಕ್ಕೆ ಇಂಗ್ಲಿಷ್ ಅಕ್ಷರ, ವಿಧಿಗೆ ಕನ್ನಡ ಅಕ್ಷರ ಎಂಬ ವಿಂಗಡಣೆ ಒಮ್ಮೆ ರೂಢಿಯಾದರೆ ಅದನ್ನು ಅಳಿಸುವುದು ಕಷ್ಟ. ಭಿತ್ತಿಪತ್ರಿಕೆಯ ಶೀರ್ಷಿಕೆಯಲ್ಲಿ ಈ ರೂಢಿ ಕಾಲಿಡುತ್ತಿದೆ.

ಪರಿಹಾರವನ್ನು ಯಾರೋ ದೂರದ ಕುಶಲಿಗಳು ತಂದುಕೊಡಲೆಂದು ಕಾಯಬೇಕಾಗಿಲ್ಲ. ಪ್ರತಿ ಕಾಲೇಜಿನ ಕನ್ನಡ ಸಂಘ ಒಂದು ದಿನ ಹಳೆಯ ಪತ್ರಿಕೆಗಳ ರಾಶಿಯನ್ನೂ ಕತ್ತರಿ ಅಂಟುಗಳನ್ನೂ ಮುಂದಿಟ್ಟುಕೊಂಡು ಕೂರಲಿ. ಅಕ್ಷರಗಳನ್ನು ಇಡಿಯಾಗಿ ಕತ್ತರಿಸಿ, ಗುಣಿತದ ಕ್ರಮದಲ್ಲಿ ಜೋಡಿಸಿಡಲಿ. ಮೊದಲು ಅವುಗಳಿಂದಲೇ ಭಿತ್ತಿಪತ್ರಿಕೆಯ ಶೀರ್ಷಿಕೆಗಳಾಗಲಿ. ಯಾವ ಅಕ್ಷರ ಹೆಚ್ಚು ಬೇಕಾಗುತ್ತದೆ, ಯಾವ ಒತ್ತು ಎಲ್ಲಿ ಇಕ್ಕಟ್ಟಾಗುತ್ತದೆ ಎಂಬುದು ಕೈಗೇ ತಿಳಿದುಬರುತ್ತದೆ. ಮುಂದೆ ಗಣಕಯಂತ್ರ ಬಲ್ಲ ತರುಣನೊಬ್ಬ ಅವನ್ನೇ ಮಾದರಿಯಾಗಿಟ್ಟುಕೊಂಡು ಫಾಂಟು ರಚಿಸಿದರೆ, ಅದು ಇಂಗ್ಲಿಷಿನ ಚೌಕಟ್ಟಿಗೆ ಕನ್ನಡವನ್ನು ತುರುಕಿದ್ದಾಗಿರುವುದಿಲ್ಲ. ನಮ್ಮ ಅಕ್ಷರಕ್ಕೆ ವೇಷ ಬೇಡವೆಂದು ನಾನು ಹೇಳುವುದಿಲ್ಲ. ಅಂಗಿಯ ಅಳತೆಯನ್ನು ಅದರ ಮೈಯಿಂದಲೇ ತೆಗೆಯಬೇಕೆಂದು ಹೇಳುತ್ತೇನೆ.