ಸ್ನೇಹಸಮ್ಮೇಳನದಲ್ಲಿ ಹುಡುಗರ ಸಂಗೀತ ನಾಟಕ

ರೋಣ, ನರಗುಂದ, ಗಜೇಂದ್ರಗಡ ಈ ಕಡೆಯ ಅನೇಕ ಹೈಸ್ಕೂಲುಗಳಲ್ಲಿ ಸ್ನೇಹಸಮ್ಮೇಳನವೆಂದರೆ ಮಂಟಪಕ್ಕೂ ದೀಪಕ್ಕೂ ಹೂಮಾಲೆಗೂ ಕೊರತೆಯಿರುವದಿಲ್ಲ. ಕೊರತೆಯಿರುವದು ಹುಡುಗರ ಕಂಠಕ್ಕೆ. ಸಿನೇಮಾದ ಹಾಡು ಧ್ವನಿವರ್ಧಕದಿಂದ ಹೊರಡುವದು. ಅದಕ್ಕೆ ಸರಿಯಾಗಿ ಮಕ್ಕಳು ಕೈಕಾಲು ಆಡಿಸುವರು, ಕೆಲವರು ತುಟಿಯನ್ನೂ ಆಡಿಸುವರು. ಹಾಡಿದವನು ಮುಂಬಯಿಯಲ್ಲಿ, ಚಪ್ಪಾಳೆ ರೋಣದಲ್ಲಿ!

ಇದರ ಬದಲು ಮಕ್ಕಳೇ ಕಥೆ ಕಟ್ಟಿ, ಪದಗಳನ್ನು ರಚಿಸಿ, ಧಾಟಿ ಕೂಡಿಸಿ, ತಾವೇ ಹಾಡಿ ಆಡುವ ಸಂಗೀತ ನಾಟಕವೊಂದು ವರ್ಷಕ್ಕೊಮ್ಮೆ ಆಗಲೆಂದು ಯಾರಾದರೂ ಸೂಚಿಸಿದರೆ ಪಾಲಕರೂ ಶಿಕ್ಷಕರೂ ಹುಬ್ಬು ಗಂಟಿಕ್ಕುವರು. ಅದು ಶಾಲೆಯ ಕೆಲಸವಲ್ಲವಂತೆ, ಮಕ್ಕಳಿಂದ ಆಗದಂತೆ, ಪರೀಕ್ಷೆ ಕೆಡುವದಂತೆ.

ಶಾಲೆಯ ಕೆಲಸವಲ್ಲವೆಂಬವರು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನಾದರೂ ನೋಡಬೇಕು. ಭರತಮುನಿಯು ನಾಟ್ಯವೇದವನ್ನು ಕಲಿಸಿದ್ದು ತನ್ನ ನೂರು ಮಂದಿ ಪುತ್ರರಿಗೆ. ಅವರೇ ಅವನ ಶಿಷ್ಯರು. ಇಂದ್ರಧ್ವಜದ ಉತ್ಸವದಲ್ಲಿ ಅವರು ಆಡಿದ್ದು ದೇವತೆಗಳ ಜಯದ ಹೊಸ ಪ್ರಯೋಗ. ವಿಘ್ನಗಳು ಬಂದದ್ದೂ ಅಂದೇ. ಇಂದಿನ ವಿಘ್ನಗಳು ಶಾಲಾ ಸಮಿತಿಯ ಸಭೆಗಳಲ್ಲಿ ಕುಳಿತಿರುವವೆಂಬದಷ್ಟೇ ಭೇದ. ಅಷ್ಟು ದೂರ ಹೋಗಲೊಲ್ಲದವರಿಗೆ ಗದಗವೇ ಸಾಕು. ಮರಾಠಿ ನಾಟಕ ಮಂಡಳಿಗಳು ಕನ್ನಡದ ಊರುಗಳನ್ನೆಲ್ಲ ಮೋಹಗೊಳಿಸಿದ್ದ 1870ರ ದಶಕದಲ್ಲಿ ಅಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡ ನಾಟಕಗಳನ್ನು ಬರೆದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ವೃತ್ತಿಯಿಂದ ಸಾಲೆಯ ಮಾಸ್ತರರು.

ಮಕ್ಕಳಿಂದಾಗದೆಂಬ ಮಾತು ಇನ್ನೂ ಹಗುರಾದದ್ದು. ಅದೇ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಕಲಿಸಿದ ವಿದ್ಯಾರ್ಥಿಗಳಲ್ಲಿ ಅನೇಕರು ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಶೈಶವದಲ್ಲಿಯೇ ದೃಷ್ಟಿ ಕಳಕೊಂಡವರು. ಆದರೂ ನಾಟಕಗಳನ್ನು ರಚಿಸಿದರು, ಆಶ್ರಮದ ನಾಟಕ ಸಂಘವು ಅವುಗಳನ್ನು ಊರೂರಿಗೆ ಒಯ್ದಿತು, ಅದರಿಂದ ಬಂದ ಹಣ ಶಿಷ್ಯರ ಅನ್ನಕ್ಕಾಯಿತು. ಕಣ್ಣಿಲ್ಲದವರು ರಂಗವನ್ನು ಏರಿದ ಜಿಲ್ಲೆಯಲ್ಲಿ, ಕಣ್ಣುಳ್ಳವರಿಂದ ಆಗದೆಂದು ಹೇಳುವದಕ್ಕೆ ನಾಲಗೆಯಾದರೂ ಹೇಗೆ ಬರುವದು?

ಪರೀಕ್ಷೆಯ ಅಂಜಿಕೆ ಮಾತ್ರ ಸುಳ್ಳಲ್ಲ. ಹತ್ತನೆಯ ಇಯತ್ತೆಯವರನ್ನು ಬಿಟ್ಟುಬಿಡಲಿ. ಎಂಟು, ಒಂಬತ್ತನೆಯವರು ಸಾಕು.

ಇನ್ನು ಕೆಲವು ಚತುರರು, ಯಂತ್ರದ ಹಾಡಿನಿಂದಲೂ ಸಂಗೀತಗಾರರು ಹುಟ್ಟುವರೆಂದು ವಾದಿಸಬಹುದು. ನಿಜವೇ. 1922ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಗ್ರಾಮಫೋನು ತಟ್ಟೆಯನ್ನು ಕೇಳಿಯೇ ಮರುಳಾದರು. ಆದರೆ ಮರುಳಾಗಿ ಮಾಡಿದ್ದೇನು? ಆ ತಟ್ಟೆಗೆ ತುಟಿಯಾಡಿಸುತ್ತ ನಿಲ್ಲಲಿಲ್ಲ. ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟರು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಪಾದ ಸೇರಿದರು. ಆ ಸವಾಯಿ ಗಂಧರ್ವರಾದರೂ ನಾಟಕ ಮಂಡಳಿಗಳಲ್ಲಿ ಹಾಡಿ ಹೆಸರು ಪಡೆದವರು.

ಕಥಾವಸ್ತುವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ನರಗುಂದದ ಹುಡುಗರಿಗೆ 1858ರ ಬಾಬಾಸಾಹೇಬನಿರುವನು. ಮಲಪ್ರಭೆಯ ಕಾಲುವೆಯ ಕರಕ್ಕಾಗಿ 1980ರ ಜುಲೈದಲ್ಲಿ ಎದ್ದ ರೈತರಿರುವರು, ಅಂದು ನಡೆದ ಗೋಲೀಬಾರಿರುವದು. ಅದನ್ನು ಕಣ್ಣಾರೆ ಕಂಡವರು ಊರಲ್ಲಿ ಇನ್ನೂ ಇರುವಾಗಲೇ ಕೇಳಿ ಬರಕೊಳ್ಳಬೇಕು. ಗಜೇಂದ್ರಗಡದವರಿಗೆ ಕಾಲಕಾಲೇಶ್ವರನ ಗುಡ್ಡವೂ ನೇಕಾರರ ಮಗ್ಗವೂ ಇವೆ. ಮಗ್ಗದ ಸಪ್ಪಳಕ್ಕಿಂತ ಖಚಿತವಾದ ತಾಳವನ್ನು ಯಾವ ತಬಲಜಿ ಕೊಟ್ಟಾನು? ಧಾಟಿಗೆ ಡೊಳ್ಳಿನ ಪದ, ಗೀಗೀ ಪದ, ಸೋಬಾನೆ, ಭಜನೆಗಳಿವೆ. ಸಿನೇಮಾದ ಧಾಟಿಗೆ ಹೊಸ ಮಾತು ತುರುಕಿ ಅದನ್ನು ಸ್ವಂತದ್ದೆಂದು ಹೇಳಿಕೊಳ್ಳಬಾರದು.

ಶಿಕ್ಷಕರಿಗೆ ಒಂದೇ ನಿರ್ಬಂಧ. ಮಕ್ಕಳ ನಾಟಕವನ್ನು ತಾವು ಬರೆದು ಮಕ್ಕಳ ಹೆಸರು ಹಾಕುವ ಚಟ ಬಿಡಬೇಕು. ರೋಣದ ಹುಡುಗಿ ರಂಗದ ಮೇಲೆ ರೋಣದ ಮಾತನ್ನೇ ಆಡಲಿ. ವ್ಯಾಕರಣದ ತಪ್ಪಿದ್ದರೆ ಮರುದಿನ ತರಗತಿಯಲ್ಲಿ ತಿದ್ದಬಹುದು. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಆರು ವಾರಗಳ ಸಾಯಂಕಾಲ, ಸಮ್ಮೇಳನದ ದಿನ ಒಂದು ತಾಸು: ಇಷ್ಟೇ ಬೇಕಾದದ್ದು. ಧ್ವನಿವರ್ಧಕದ ಬಾಡಿಗೆಯ ಹಣದಲ್ಲಿ ತಬಲಾದ ಹೊದಿಕೆಯನ್ನಾದರೂ ಹೊಸದಾಗಿ ಮಾಡಿಸಬಹುದು.