ಅಂಕಿಯನ್ನು ಅಳಿಸಬೇಡಿರಿ

ಮಕ್ಕಳೇ,

ಕಾಗದದ ವಿಮಾನ ಮಾಡುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಹಳೆಯ ವಹಿಯ ಒಂದು ಹಾಳೆ ಸಿಕ್ಕರೆ ಸಾಕು, ವಿಮಾನ ಸಿದ್ಧವಾಗುತ್ತದೆ. ಅದನ್ನು ತರಗತಿಯಲ್ಲಿ ಹಾರಿಸಿದರೆ ಗುರುಗಳು ಗದರಿಸುವುದೂ ಉಂಟು. ಆದರೆ ಅದೇ ವಿಮಾನವನ್ನು ವಿಜ್ಞಾನದ ತಾಸಿನಲ್ಲಿ ಹಾರಿಸಬೇಕು ಎಂಬುದು ನನ್ನ ಅಭಿಪ್ರಾಯ. ಯಾರು ಗೆದ್ದರು ಎಂದು ನೋಡುವುದಕ್ಕಲ್ಲ. ಕಂಡದ್ದನ್ನು ಕಂಡಂತೆ ಬರೆಯಲು ಕಲಿಯುವುದಕ್ಕೆ.

ಪ್ರಯೋಗ ಸುಲಭವಾಗಿದೆ. ಪ್ರಶ್ನೆ ಒಂದೇ: ವಿಮಾನದ ಮೂತಿಗೆ ಕಾಗದದ ಕ್ಲಿಪ್ಪು ಸಿಕ್ಕಿಸಿದರೆ ಅದು ಹೆಚ್ಚು ದೂರ ಹಾರುವುದೋ ಇಲ್ಲವೋ? ಫ್ಯಾನು ನಿಲ್ಲಿಸಿರಿ. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗೆರೆಯ ಮೇಲೆ ನಿಂತು ಕ್ಲಿಪ್ಪು ಇಲ್ಲದೆ ಐದು ಸಲ ಎಸೆಯಿರಿ. ಬಳಿಕ ಅದೇ ವಿಮಾನಕ್ಕೆ ಕ್ಲಿಪ್ಪು ಸಿಕ್ಕಿಸಿ ಮತ್ತೆ ಐದು ಸಲ ಎಸೆಯಿರಿ. ವಿಮಾನ ನೆಲ ಮುಟ್ಟಿದ ಜಾಗದವರೆಗೆ ಪ್ರತಿ ಸಲವೂ ಅಳೆಯಿರಿ. ಎಸೆಯುವವರು, ಗೆರೆ, ಕಾಗದದ ಮಡಿಕೆ ಇವು ಯಾವುವೂ ಬದಲಾಗಬಾರದು. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು.

ಈಗ ಮುಖ್ಯವಾದ ಮಾತಿಗೆ ಬರೋಣ. ಕ್ಲಿಪ್ಪು ಇಲ್ಲದಾಗ 4, 5, 2, 6, 5 ಮೀಟರ್ ಬಂತೆಂದು ತಿಳಿಯಿರಿ. ಒಟ್ಟು 22 ಮೀಟರ್. ಕ್ಲಿಪ್ಪು ಇದ್ದಾಗ 5, 4, 6, 5, 3 ಮೀಟರ್ ಬಂತು. ಒಟ್ಟು 23 ಮೀಟರ್. ಆಗ ಯಾರೋ ಹೇಳುತ್ತಾರೆ: “ಆ ಎರಡು ಮೀಟರ್ ಸರಿಯಾಗಿ ಬೀಳಲಿಲ್ಲ. ಅಳಿಸು, ಇನ್ನೊಮ್ಮೆ ಎಸೆಯೋಣ.” ಎರಡನ್ನು ಅಳಿಸಿ, ಹೊಸದಾಗಿ ಬಂದ ಐದನ್ನು ಬರೆದರೆ ಮೊದಲನೆಯ ಒಟ್ಟು 25 ಆಗುತ್ತದೆ. ನೋಡಿದಿರಾ? ಒಂದೇ ಅಂಕಿ ಅಳಿಸಿದ್ದಕ್ಕೆ ಉತ್ತರವೇ ತಿರುವುಮುರುವಾಯಿತು. ನಿಜ ಹೇಳಬೇಕೆಂದರೆ 22 ಮತ್ತು 23ರ ನಡುವಿನ ಅಂತರವೂ ಬಹಳ ಚಿಕ್ಕದು. ಅಷ್ಟರಿಂದ ಏನನ್ನೂ ನಿರ್ಧರಿಸಲಾಗದು. ಎರಡೂ ಬಗೆಯಲ್ಲಿ ಇನ್ನೂ ಹತ್ತು ಸಲ ಎಸೆದು ನೋಡಬೇಕು. ಹಳೆಯ ಅಂಕಿಗಳು ಮಾತ್ರ ವಹಿಯಲ್ಲೇ ಇರಬೇಕು.

ಅಮೇರಿಕೆಯ ರೈಟ್ ಸಹೋದರರ ಹೆಸರು ನೀವು ಕೇಳಿದ್ದೀರಿ. ಪುಸ್ತಕಗಳಲ್ಲಿದ್ದ ಅಂಕಿಗಳನ್ನು ನಂಬಿ ಅವರು ದೊಡ್ಡ ರೆಕ್ಕೆಗಳನ್ನು ಕಟ್ಟಿದರು. 1901ರಲ್ಲಿ ಹಾರಿಸಿದಾಗ ಆ ರೆಕ್ಕೆಗಳು ಲೆಕ್ಕದಷ್ಟು ಭಾರ ಎತ್ತಲಿಲ್ಲ. ಸಹೋದರರು ತಮ್ಮ ಅಂಕಿಗಳನ್ನು ಪುಸ್ತಕಕ್ಕೆ ಹೊಂದಿಸಲಿಲ್ಲ. ತಮ್ಮ ಸೈಕಲ್ ಅಂಗಡಿಯಲ್ಲಿ ಗಾಳಿ ಬೀಸುವ ಉದ್ದನೆಯ ಪೆಟ್ಟಿಗೆಯೊಂದನ್ನು ಮಾಡಿದರು. ಅದರೊಳಗೆ ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನಿಟ್ಟು ಪರೀಕ್ಷಿಸಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಬಾರಿ 12 ಸೆಕೆಂಡು ಹಾರಿತು. ಅದು ಹೋದ ದೂರ ಸುಮಾರು 36 ಮೀಟರ್.

ನಮ್ಮ ಕಡೆಯ ಒಂದು ಮಾತನ್ನೂ ಕೇಳಿರಿ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್ ಬೆಳೆದದ್ದು ಅದರಿಂದಲೇ. ಸಾಂಗಲಿಯ ವಾಲಚಂದ ಇಂಜಿನಿಯರಿಂಗ್ ಕಾಲೇಜಿಗೆ ಅವರದೇ ಹೆಸರಿದೆ. ವಿಮಾನದ ಕಾರ್ಖಾನೆ ಇರಲಿ, ಕುಪವಾಡ ಎಂಐಡಿಸಿಯ ಚಿಕ್ಕ ವರ್ಕ್‌ಶಾಪ್ ಇರಲಿ, ಕೆಲಸ ನಡೆಯುವುದು ಅಳತೆಯ ಮೇಲೆ. ನಿಮ್ಮಲ್ಲಿ ಕೆಲವರ ತಂದೆತಾಯಿ ಅಲ್ಲಿ ದುಡಿಯುತ್ತಿರಬಹುದು. ಅವರನ್ನು ಕೇಳಿರಿ. ಲೇಥ್ ಯಂತ್ರದ ಮೇಲೆ ತಿರುಗಿಸಿದ ದಂಡ ಕೂದಲೆಳೆಯಷ್ಟು ದಪ್ಪವಾದರೂ ತೂತಿನೊಳಗೆ ಹೋಗದಿರಬಹುದು. ಅಳತೆ ತಪ್ಪಿದ್ದರೂ ಸರಿ ಇದೆ ಎಂದು ಕಾಗದದಲ್ಲಿ ಬರೆದರೆ ದಂಡ ಸಣ್ಣದಾಗುವುದಿಲ್ಲ. ಮುಂದೆ ಯಂತ್ರ ಕೆಡುತ್ತದೆ, ದುಡಿಯುವವರ ಕೈಗೂ ಪೆಟ್ಟಾಗಬಹುದು.

“ಪುಸ್ತಕದ ಉತ್ತರ ಬರೆದರೆ ತಾನೆ ಗುಣ ಸಿಗುವುದು?” ಎಂದು ನೀವು ಕೇಳಬಹುದು. ಕೇಳುವುದು ತಪ್ಪಲ್ಲ. ಮೂತಿಗೆ ತುಸು ಭಾರವಿದ್ದರೆ ವಿಮಾನ ನೆಟ್ಟಗೆ ಹಾರುತ್ತದೆ, ಭಾರವಿಲ್ಲದಿದ್ದರೆ ಮೂತಿ ಮೇಲಕ್ಕೆದ್ದು ವೇಗ ಕಳೆದುಕೊಂಡು ಬೀಳುತ್ತದೆ ಎಂದು ಪುಸ್ತಕ ಹೇಳೀತು. ನಿಮ್ಮ ವಿಮಾನ ಕ್ಲಿಪ್ಪು ಹಾಕಿದೊಡನೆ ತಲೆಕೆಳಗಾಗಿ ಬಿದ್ದರೆ ಹಾಗೆಯೇ ಬರೆಯಿರಿ. ಪುಸ್ತಕವೂ ಸುಳ್ಳಲ್ಲ, ನೀವೂ ಸುಳ್ಳರಲ್ಲ. ಕ್ಲಿಪ್ಪು ಅತಿ ಭಾರವಾಗಿರಬಹುದು. ಚಿಕ್ಕ ಕ್ಲಿಪ್ಪು ಹಾಕಿ ನೋಡಿರಿ. ಬಿದ್ದ ವಿಮಾನವನ್ನು ಬರೆದಿಟ್ಟವರಿಗೆ ಮಾತ್ರ ಈ ಮುಂದಿನ ಪ್ರಶ್ನೆ ಹೊಳೆಯುತ್ತದೆ. ಇಂಥ ಪುಟಕ್ಕೆ ಗುರುಗಳು ಪೂರ್ಣ ಗುಣ ಕೊಡಬೇಕು ಎಂದು ನಾನು ಹೇಳುತ್ತೇನೆ.

ಪಠ್ಯಪುಸ್ತಕ ಸಿದ್ಧಪಡಿಸುವ ನಮ್ಮಂಥವರ ಮಾತನ್ನೂ ನೀವು ಅಳೆದು ನೋಡಬೇಕು. ಅಂಕಿ ತಪ್ಪೆನಿಸಿದರೆ ಅಳಿಸಬೇಡಿರಿ. ಪಕ್ಕದಲ್ಲಿ ಕಾರಣ ಬರೆಯಿರಿ: “ಕೈ ಜಾರಿತು”, “ಗಾಳಿ ಬಂತು”, “ಕಾರಣ ತಿಳಿಯಲಿಲ್ಲ”. ನಾಳೆ ಒಂದು ಬದಿ ಬರೆದ ಹಳೆಯ ಹಾಳೆ ಮತ್ತು ಅಳತೆಯ ಪಟ್ಟಿಯನ್ನು ಶಾಲೆಗೆ ತನ್ನಿರಿ. ರಬ್ಬರು ಮನೆಯಲ್ಲೇ ಇರಲಿ.