ಹೊರಡದ ಕಾರಿಗೆ ಮೊದಲು ನಿದಾನ

ಆಯುರ್ವೇದದಲ್ಲಿ ರೋಗದ ಮೂಲವನ್ನು ಗುರುತಿಸುವುದಕ್ಕೆ ‘ನಿದಾನ’ ಎಂದು ಹೆಸರು. ಅವಸರವಿಲ್ಲದ ನಡೆಗೆ ‘ನಿಧಾನ’ ಎನ್ನುತ್ತೇವೆ. ಬರೆಯುವಾಗ ಅನೇಕರು ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ಅರ್ಥ ಬೇರೆಯಾದರೂ ವ್ಯವಹಾರದಲ್ಲಿ ಇವೆರಡೂ ಒಡಹುಟ್ಟಿದವು. ನಿಧಾನವಿಲ್ಲದವನಿಗೆ ನಿದಾನ ಸಿದ್ಧಿಸದು. ಈ ಮಾತಿಗೆ ನಿದರ್ಶನವಾಗಿ, ಮನೆಯಂಗಳದಲ್ಲಿ ನಿಂತು ಹೊರಡಲೊಲ್ಲದ ಕಾರನ್ನು ಈ ಸಲ ವಿಚಾರಕ್ಕೆ ತೆಗೆದುಕೊಳ್ಳೋಣ.

ಮದುವೆಯ ಮುಹೂರ್ತಕ್ಕೆ ಹೊರಟ ಕುಟುಂಬ, ಪರೀಕ್ಷೆಗೆ ಹೋಗಬೇಕಾದ ಮಗಳು, ಆಸ್ಪತ್ರೆಗೆ ಕರೆದೊಯ್ಯಬೇಕಾದ ಹಿರಿಯರು, ಇಂತಹ ಗಳಿಗೆಯಲ್ಲಿಯೇ ಕಾರು ಮುಷ್ಕರ ಹೂಡುತ್ತದೆ. ಆಗ ಸುತ್ತ ನೆರೆದವರಲ್ಲಿ ಒಬ್ಬರು ಬ್ಯಾಟರಿ ಹೋಯಿತೆನ್ನುತ್ತಾರೆ, ಇನ್ನೊಬ್ಬರು ಪೆಟ್ರೋಲ್ ಏರುತ್ತಿಲ್ಲವೆನ್ನುತ್ತಾರೆ, ಮತ್ತೊಬ್ಬರು ತಳ್ಳಲು ತೋಳೇರಿಸುತ್ತಾರೆ. ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಇಂತಹದೇ ಗದ್ದಲದಲ್ಲಿ ಹೊಸ ಬ್ಯಾಟರಿಯನ್ನೇ ಕೊಂಡುತಂದರು. ನಾಲ್ಕು ದಿನಗಳಲ್ಲಿ ಕಾರು ಪುನಃ ನಿಂತಿತು. ಬ್ಯಾಟರಿಯಿಂದ ಕಾರಿನ ಮೈಗೆ ಕೂಡುವ ಅರ್ತಿಂಗ್ ತಂತಿಯ ಬೋಲ್ಟು ಸಡಿಲಾಗಿ ತುಕ್ಕು ಹಿಡಿದದ್ದೇ ನಿಜವಾದ ಕಾರಣವಾಗಿತ್ತು. ಒಂದು ಪಾನೆಯಿಂದ ಮುಗಿಯಬಹುದಾಗಿದ್ದ ಕೆಲಸಕ್ಕೆ ಸಾವಿರಾರು ರೂಪಾಯಿ ವೆಚ್ಚವಾಯಿತು.

ಎಂಜಿನ್ನಿನ ಒಂದು ಸ್ವಭಾವವನ್ನು ಮೊದಲು ಅರಿಯಬೇಕು. ಅದು ತಾನಾಗಿ ತಿರುಗಲಾರಂಭಿಸದು; ಮೊದಲ ಸುತ್ತನ್ನು ಹೊರಗಿನ ಶಕ್ತಿಯೊಂದು ತಿರುಗಿಸಿಕೊಡಬೇಕು. ಹಿಂದೆ ಆ ಕೆಲಸವನ್ನು ಕಬ್ಬಿಣದ ಹ್ಯಾಂಡಲ್ಲಿನಿಂದ ಮನುಷ್ಯನೇ ಮಾಡುತ್ತಿದ್ದನು. ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರೂ ಇದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ನಮ್ಮ ರಸ್ತೆಗಳ ಅಂಬಾಸಡರ್ ಕಾರಿನಲ್ಲಿ ಸೆಲ್ಫ್ ಮೋಟಾರಿನ ಜೊತೆಗೆ ಹ್ಯಾಂಡಲ್ಲೂ ಇದ್ದುದನ್ನು ಹಿರಿಯರು ಬಲ್ಲರು. ಇಂದಿನ ಕಾರುಗಳಲ್ಲಿ ಆ ಹ್ಯಾಂಡಲ್ ಇಲ್ಲ. ಆದುದರಿಂದ ಬ್ಯಾಟರಿ ಸೋತರೆ ಇಡೀ ವಾಹನವೇ ಸೋತಂತೆ.

ಬಾನೆಟ್ ಎತ್ತುವ ಮೊದಲು ಕುಳಿತಲ್ಲಿಯೇ ನೋಡಬೇಕಾದವು ಕೆಲವಿವೆ. ಆಟೊಮ್ಯಾಟಿಕ್ ಗೇರಿನ ಕಾರಾದರೆ ಗೇರು ಪಾರ್ಕ್ ಅಥವಾ ನ್ಯೂಟ್ರಲ್ ಸ್ಥಾನದಲ್ಲಿರಬೇಕು. ಗುಂಡಿ ಒತ್ತಿ ಹೊರಡಿಸುವ ಆಟೊಮ್ಯಾಟಿಕ್ ಕಾರುಗಳಲ್ಲಿ ಬ್ರೇಕನ್ನು ತುಳಿದಿರಬೇಕು. ಈಚಿನ ಅನೇಕ ಮ್ಯಾನುಯಲ್ ಕಾರುಗಳು ಕ್ಲಚ್ಚನ್ನು ಪೂರ್ತಿ ತುಳಿಯದೆ ಸ್ಟಾರ್ಟ್ ಆಗವು. ಕೀಲಿಕೈ ತಿರುಗದಿದ್ದರೆ ಸ್ಟೇರಿಂಗ್ ಬೀಗ ಬಿಗಿದಿರುತ್ತದೆ. ಚಕ್ರವನ್ನು ಮೆಲ್ಲನೆ ಎಡಬಲಕ್ಕೆ ಆಡಿಸುತ್ತ ತಿರುಗಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಕೈಯ ಚಿತ್ರವಿರುವ ದೀಪ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಜರ್ ಈ ಕೀಲಿಕೈಯನ್ನು ಗುರುತಿಸಿಲ್ಲವೆಂದು ಭಾವಿಸಿ, ಮನೆಯಲ್ಲಿರುವ ಇನ್ನೊಂದನ್ನು ಪ್ರಯತ್ನಿಸಬೇಕು. ಇಂಧನದ ಮುಳ್ಳನ್ನು ನೋಡುವುದೂ ಅವಶ್ಯ. ಅತಿ ಸರಳವಾದುದನ್ನೇ ನಾವು ಕಡೆಗೆ ನೋಡುವುದು ರೂಢಿ.

ಅನಂತರ ಕಿವಿಗೆ ಕೆಲಸ ಕೊಡಬೇಕು. ಕಾರು ತನ್ನ ವ್ಯಾಧಿಯನ್ನು ಸದ್ದಿನಿಂದಲೇ ಹೇಳುತ್ತದೆ.

ದೀಪಗಳೂ ಹತ್ತದೆ ಪೂರ್ಣ ಮೌನವಿದ್ದರೆ ಬ್ಯಾಟರಿ ಬರಿದಾಗಿರಬೇಕು, ಇಲ್ಲವೇ ಅದರ ತಂತಿ ಕಳಚಿರಬೇಕು. ‘ಟಕ ಟಕ ಟಕ’ ಎಂದು ಎಡೆಬಿಡದೆ ಸದ್ದಾದರೆ, ಸೆಲ್ಫಿನ ಸೊಲೆನಾಯ್ಡನ್ನು ಎಳೆಯುವಷ್ಟು ಶಕ್ತಿ ಬ್ಯಾಟರಿಯಲ್ಲಿದೆ, ಎಂಜಿನ್ನನ್ನು ತಿರುಗಿಸುವಷ್ಟು ಇಲ್ಲವೆಂದು ತಿಳಿಯಬೇಕು. ಒಂದೇ ಒಂದು ‘ಟಕ್’ ಆಗಿ, ಹೆಡ್‌ಲೈಟು ಮಾತ್ರ ಮಂಕಾಗದೆ ಉರಿಯುತ್ತಿದ್ದರೆ ಸಂಶಯ ಸೆಲ್ಫ್ ಮೋಟಾರಿನ ಕಡೆಗೆ ತಿರುಗುತ್ತದೆ. ಎಂಜಿನ್ನು ಎಂದಿನ ವೇಗದಲ್ಲಿಯೇ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿ ನಿರ್ದೋಷಿ. ಕೊರತೆ ಇಂಧನದ್ದೋ ಕಿಡಿಯದ್ದೋ ಆಗಿರುತ್ತದೆ. ಈ ನಾಲ್ಕನ್ನು ಬೇರ್ಪಡಿಸಲು ಯಾವ ಉಪಕರಣವೂ ಬೇಡ.

ಬ್ಯಾಟರಿಯೆಂದು ತೋರಿದರೆ ಮೊದಲು ಅದರ ಟರ್ಮಿನಲ್ಲುಗಳನ್ನು ನೋಡಬೇಕು. ಬಿಳಿಯ ಇಲ್ಲವೇ ಹಸಿರು ಪುಡಿ ಕಟ್ಟಿದ್ದರೆ ವಿದ್ಯುತ್ತಿಗೆ ದಾರಿ ಮುಚ್ಚಿದಂತೆ. ಮೊದಲು ಮೈನಸ್ ತಂತಿಯನ್ನೂ ಅನಂತರ ಪ್ಲಸ್ ತಂತಿಯನ್ನೂ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಉಜ್ಜಿ, ಒರೆಸಿ, ಪ್ಲಸ್ಸನ್ನು ಮೊದಲು ಜೋಡಿಸಿ ಬಿಗಿಯಬೇಕು. ಮಲ್ಟಿಮೀಟರ್ ಉಳ್ಳವರು ಅಳತೆಯನ್ನೂ ನೋಡಬಹುದು. ಕೆಲವು ಗಂಟೆ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಾದರೆ ಬಹುಪಾಲು ಬರಿದು. ಎಂಜಿನ್ನು ಓಡುವಾಗ 14ರ ಆಸುಪಾಸಿಗೆ ಏರದಿದ್ದರೆ ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರನ್ನು ಪರೀಕ್ಷಿಸಬೇಕು. ಅದು ಕೆಟ್ಟಿರುವಾಗ ಹೊಸ ಬ್ಯಾಟರಿ ತಂದರೂ ತೂತುಗಡಿಗೆಗೆ ನೀರು ಹೊಯ್ದಂತೆಯೇ ಸರಿ.

ಇನ್ನೊಂದು ಕಾರಿನಿಂದ ಶಕ್ತಿ ಪಡೆಯುವಾಗ ಕ್ರಮ ತಪ್ಪಬಾರದು. ಎರಡೂ 12 ವೋಲ್ಟಿನವಾಗಿರಬೇಕು. ಕೆಂಪು ಕೇಬಲ್ಲನ್ನು ಮೊದಲು ಸೋತ ಬ್ಯಾಟರಿಯ ಪ್ಲಸ್ಸಿಗೂ, ಅನಂತರ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೂ ಹಾಕಬೇಕು. ಕಪ್ಪು ಕೇಬಲ್ಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ. ಕಡೆಯ ತುದಿ ಮಾತ್ರ ಸೋತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಒಂದು ಕಿಡಿ ತಗುಲಿದರೂ ಸಿಡಿದು ಆಮ್ಲ ಮುಖಕ್ಕೆ ಎರಚುವ ಭಯವಿರುವುದೇ ಈ ನಿಯಮಕ್ಕೆ ಕಾರಣ. ಬೀಡಿ, ಕಡ್ಡಿಪೆಟ್ಟಿಗೆ ಹತ್ತಿರ ಸುಳಿಯಕೂಡದು. ಬಿಚ್ಚುವಾಗ ಇದೇ ಕ್ರಮ ಹಿಂದುಮುಂದು. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಿಗೆ ಈ ಮಾತು ಹಾಗೆಯೇ ಅನ್ವಯಿಸದು. ಅವುಗಳ ಕಿತ್ತಳೆ ಬಣ್ಣದ ತಂತಿಗಳನ್ನಂತೂ ಮುಟ್ಟಲೇಬಾರದು.

ತಳ್ಳಿ ಹೊರಡಿಸುವ ಹಳೆಯ ಉಪಾಯ ಮ್ಯಾನುಯಲ್ ಗೇರಿನ ಕಾರುಗಳಿಗೆ ಮಾತ್ರ. ಎಂಜಿನ್ನು ಓಡದಿರುವಾಗ ಬ್ರೇಕು ಗಡುಸಾಗಿರುವುದರಿಂದ ಇಳಿಜಾರಿನಲ್ಲಿ ಇದು ಅಪಾಯಕಾರಿ.

ಎಂಜಿನ್ನು ತಿರುಗಿಯೂ ಹತ್ತದಿದ್ದಾಗ ಕೀಲಿಕೈಯನ್ನು ಅರ್ಧ ತಿರುಗಿಸಿ ಆಲಿಸಬೇಕು. ಇಂಜೆಕ್ಷನ್ ವ್ಯವಸ್ಥೆಯ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ಗುಂಯ್ಗುಡುತ್ತದೆ. ಆ ಸದ್ದಿಲ್ಲದಿದ್ದರೆ ಪಂಪಿನ ಫ್ಯೂಸನ್ನು ನೋಡಬೇಕು. ಬಹಳ ದಿನ ನಿಂತ ಕಾರಿನಲ್ಲಿ ಇಲಿಗಳು ತಂತಿ ಕಡಿದಿರುವುದೂ ಉಂಟು. ಸೆಲ್ಫನ್ನು ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಇಲ್ಲವಾದರೆ ಒಂದು ದೋಷ ಎರಡಾಗುತ್ತದೆ.

ಪ್ರಯತ್ನವನ್ನೇ ಮಾಡಬಾರದ ಸಂದರ್ಭಗಳೂ ಇವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಜಲಾವೃತವಾಗಿ ಕಾರುಗಳು ಮುಳುಗಿದುದು ಎಲ್ಲರಿಗೂ ನೆನಪಿದೆ. ಹಾಗೆ ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಿದರೆ, ನೀರು ಗಾಳಿಯಂತೆ ಅದುಮಿಕೊಳ್ಳದ ಕಾರಣ ಎಂಜಿನ್ನಿನೊಳಗಿನ ಕನೆಕ್ಟಿಂಗ್ ರಾಡೇ ಬಾಗಿಹೋಗಬಹುದು. ಅದನ್ನು ಮುಟ್ಟದೆ ಎಳೆಸಿಕೊಂಡು ಹೋಗುವುದೇ ವಿವೇಕ. ಪೆಟ್ರೋಲಿನ ವಾಸನೆ ಘಾಟಾಗಿ ಬರುತ್ತಿದ್ದರೂ ಕೈ ತಡೆಯಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನನ್ನು ಓಡಿಸುತ್ತ ಬ್ಯಾಟರಿ ತುಂಬಿಸುವುದಂತೂ ಪ್ರಾಣಕ್ಕೇ ಎರವು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

2020ರ ಲಾಕ್‌ಡೌನಿನ ಕಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳು ಒಂದು ಪಾಠ ಕಲಿಸಿದವು. ನಿಂತ ಕಾರಿನಲ್ಲಿಯೂ ಗಡಿಯಾರ, ಅಲಾರಾಂ ಮುಂತಾದವು ಬ್ಯಾಟರಿಯನ್ನು ಹನಿಹನಿಯಾಗಿ ಹೀರುತ್ತಿರುತ್ತವೆ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಪಡೆದುದಕ್ಕಿಂತ ಕಳೆದುದೇ ಹೆಚ್ಚಾಗಬಹುದು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದು ಲೇಸು.

ಇಷ್ಟೆಲ್ಲ ನೋಡಿಯೂ ಕಾರು ಹೊರಡದಿದ್ದರೆ ಮೆಕ್ಯಾನಿಕ್ಕನನ್ನು ಕರೆಯುವುದರಲ್ಲಿ ಸಂಕೋಚ ಬೇಡ. ಆದರೆ “ಕಾರು ಕೆಟ್ಟಿದೆ” ಎಂದಷ್ಟೇ ಹೇಳದೆ, ದೀಪ ಹತ್ತಿತೇ, ಯಾವ ಸದ್ದು ಬಂದಿತು, ಕಾರು ಎಷ್ಟು ದಿನದಿಂದ ನಿಂತಿತ್ತು ಎಂಬುದನ್ನು ಹೇಳಿರಿ. ವೈದ್ಯನ ಮುಂದೆ ಲಕ್ಷಣವನ್ನು ಸರಿಯಾಗಿ ಹೇಳುವ ರೋಗಿಗೆ ಬೇಡದ ಔಷಧ ತಪ್ಪುವಂತೆ, ಇಲ್ಲಿ ಬೇಡದ ಬಿಡಿಭಾಗದ ವೆಚ್ಚ ತಪ್ಪುತ್ತದೆ. ಮನೆಯಲ್ಲಿ ವಾಹನ ನಡೆಸುವ ಮಕ್ಕಳಿಗೆ, ಸೊಸೆಯಂದಿರಿಗೆ ಈ ಕ್ರಮವನ್ನು ಒಂದು ಭಾನುವಾರ ಬಾನೆಟ್ ತೆರೆದು ತೋರಿಸಿಕೊಡಿರಿ. ಮುಹೂರ್ತದ ದಿನ ಕಲಿಯುವುದಕ್ಕಿಂತ ಬಿಡುವಿನ ದಿನ ಕಲಿತದ್ದೇ ಕೈಗೆ ಒದಗುತ್ತದೆ.